ಮನವಿ ಕೊಟ್ಟ ಮೇಲೆ ಏನು? ಸಮಾನತೆ ಮತ್ತು ಸುಗಮ ಪ್ರವೇಶದ ಬೇಡಿಕೆಯನ್ನು ನಗರಸಭೆಯಲ್ಲಿ ದಡ ಮುಟ್ಟಿಸುವ ಬಗೆ

ಕೊಪ್ಪಳ, ಗಂಗಾವತಿ, ಸಿಂಧನೂರು, ಸಿರುಗುಪ್ಪ, ಯಾವ ಊರಿನ ಪತ್ರಿಕೆ ಬಿಡಿಸಿದರೂ ಒಳಪುಟದಲ್ಲಿ ಆ ಫೋಟೊ ಇದ್ದೇ ಇರುತ್ತದೆ. ಹತ್ತು ಜನ ಸಾಲಾಗಿ ನಿಂತು ಅಧಿಕಾರಿಯ ಕೈಗೆ ಮನವಿ ಪತ್ರ ಕೊಡುತ್ತಿರುತ್ತಾರೆ, ಎಲ್ಲರ ಮುಖ ಕ್ಯಾಮೆರಾ ಕಡೆಗೆ. "ನೋಡೋಣ್ರೀ, ಅನುದಾನ ಬಂದ್ರ ಮಾಡೋಣು" ಎಂಬ ಉತ್ತರ ಸಿಗುತ್ತದೆ. ಬಹಳಷ್ಟು ಹೋರಾಟಗಳು ಅಲ್ಲಿಗೇ ನಿಂತುಬಿಡುತ್ತವೆ. ಮನವಿ ಯಾವ ಮೇಜಿನ ಮೇಲಿದೆ, ಯಾರು ಅದರ ಮೇಲೆ ಷರಾ ಬರೆದರು, ಅಂದಾಜು ಪಟ್ಟಿಗೆ (ಕಾಮಗಾರಿಯ ಖರ್ಚಿನ ಲೆಕ್ಕಕ್ಕೆ) ಅದು ಸೇರಿತೋ ಇಲ್ಲವೋ ಎಂದು ಬೆನ್ನು ಹತ್ತುವವರು ಕಡಿಮೆ.

ವಿಕಲಚೇತನರ ಒಕ್ಕೂಟ, ಮಹಿಳಾ ಸ್ವಸಹಾಯ ಸಂಘ, ದಲಿತ ಕೇರಿಯ ಯುವಕರ ಬಳಗ, ಹಿರಿಯ ನಾಗರಿಕರ ವೇದಿಕೆ, ಪೌರಕಾರ್ಮಿಕರ ಸಂಘ, ಯಾರೇ ಆಗಿರಲಿ, ಬೆನ್ನು ಹತ್ತುವುದು ಹೇಗೆ ಎಂಬುದೇ ಇಲ್ಲಿನ ವಿಷಯ. ಉದಾಹರಣೆಗಳು ಹೆಚ್ಚಾಗಿ ಕೊಪ್ಪಳದ್ದು. ಬಳ್ಳಾರಿ, ರಾಯಚೂರು ಜಿಲ್ಲೆಗಳಲ್ಲೂ ದಾರಿ ಹೆಚ್ಚುಕಡಿಮೆ ಇದೇ. ಅಧಿಕಾರಿಯ ಹುದ್ದೆ ಮಾತ್ರ ಬದಲಾಗುತ್ತದೆ: ಮಹಾನಗರ ಪಾಲಿಕೆಯಲ್ಲಿ ಆಯುಕ್ತರು, ನಗರಸಭೆಯಲ್ಲಿ ಪೌರಾಯುಕ್ತರು, ಪುರಸಭೆ ಹಾಗೂ ಪಟ್ಟಣ ಪಂಚಾಯಿತಿಯಲ್ಲಿ ಮುಖ್ಯಾಧಿಕಾರಿ. ಪಾಲಿಕೆಗೆ 1976ರ ಕಾಯ್ದೆ, ಉಳಿದವಕ್ಕೆ 1964ರ ಪುರಸಭೆಗಳ ಕಾಯ್ದೆ.

ಕೂಡುವುದರಿಂದ ಶುರು

ಸಂಘ ನೋಂದಣಿಯಾಗಿಲ್ಲ ಎಂದು ಹಿಂಜರಿಯಬೇಡಿ. ಮನವಿ ಕೊಡಲು ನೋಂದಣಿ ಬೇಕಿಲ್ಲ, ವಾರ್ಡಿನ ನಿವಾಸಿಗಳೆಂದು ಸಹಿ ಮಾಡಿದರೆ ಸಾಕು. ಹಣ ಸಂಗ್ರಹಿಸಬೇಕು, ಬ್ಯಾಂಕ್ ಖಾತೆ ಬೇಕು ಎಂದಾದಾಗ ನೋಂದಣಿಯ ಯೋಚನೆ ಮಾಡಿ.

ಅದಕ್ಕಿಂತ ಮುಖ್ಯವಾದದ್ದು ಸಭೆಗೆ ಯಾರು ಬರಲು ಸಾಧ್ಯ ಎನ್ನುವುದು. ಮೆಟ್ಟಿಲು ಹತ್ತಿ ಹೋಗಬೇಕಾದ ಮೇಲ್ಮಹಡಿಯ ಕೋಣೆಯಲ್ಲಿ ರ‍್ಯಾಂಪಿನ ಬಗ್ಗೆ ಸಭೆ ಕರೆಯುವ ಸಂಘಗಳಿವೆ! ನೆಲಮಹಡಿಯಲ್ಲಿ ಕೂಡಿ. ಕೂಲಿಗೆ ಹೋದವರು ಮನೆ ಸೇರಿದ ಮೇಲೆ ಸಮಯ ಇಟ್ಟುಕೊಳ್ಳಿ. ಕಿವಿ ಕೇಳದವರು ಬರುವುದಿದ್ದರೆ ಸನ್ನೆ ಭಾಷೆ ಬಲ್ಲವರೊಬ್ಬರನ್ನು ಮೊದಲೇ ಗೊತ್ತು ಮಾಡಿ. ಕಿವುಡ ಮಕ್ಕಳ ಶಾಲೆಯ ಶಿಕ್ಷಕರನ್ನು ಕೇಳಿ ನೋಡಬಹುದು. ನಗರಸಭೆ ವ್ಯಾಪ್ತಿಯಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಜನ ಇವರನ್ನು ಯು.ಆರ್.ಡಬ್ಲ್ಯೂ., ಎಂ.ಆರ್.ಡಬ್ಲ್ಯೂ. ಎಂದೇ ಕರೆಯುವುದು. ಯಾವ ಓಣಿಯಲ್ಲಿ ಯಾರಿದ್ದಾರೆ ಎಂಬುದು ಇವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಇವರೂ ಸ್ವತಃ ವಿಕಲಚೇತನರು, ಸಿಗುವುದು ಅಲ್ಪ ಗೌರವಧನ. ಹಾಗಾಗಿ ಮಾಹಿತಿ ಕೇಳಿ, ಆದರೆ ಮನವಿಯ ಮುಂದಾಳತ್ವವನ್ನು ಅವರ ಹೆಗಲಿಗೆ ಹೊರಿಸಬೇಡಿ.

ಮಾತಾಡುವ ಅಧಿಕಾರ ಅಧ್ಯಕ್ಷರೊಬ್ಬರದೇ ಆಗಬಾರದು. ಕನಿಷ್ಠ ಇಬ್ಬರು ಸಹಿ ಮಾಡಲಿ, ಅದರಲ್ಲಿ ಒಬ್ಬರು ಮಹಿಳೆ ಇರಲಿ. ಬೇಡಿಕೆ ಯಾರದ್ದೋ ಅವರೇ ಅಧಿಕಾರಿಯ ಎದುರು ಕೂತು ಹೇಳುವಂತಾಗಲಿ. ಗಾಲಿಕುರ್ಚಿಯಲ್ಲಿ ಬರುವ ಅಕ್ಕ ಹೇಳುವ ಎರಡು ವಾಕ್ಯಕ್ಕೆ ಇರುವ ತೂಕ ಮುಖಂಡರ ಅರ್ಧ ಗಂಟೆಯ ಭಾಷಣಕ್ಕೆ ಇರುವುದಿಲ್ಲ.

ಟೇಪು ಹಿಡಿದು ಊರು ಸುತ್ತಿ

"ನಗರದಲ್ಲಿ ವಿಕಲಚೇತನರಿಗೆ ಸೌಲಭ್ಯಗಳಿಲ್ಲ" ಎಂಬ ಸಾಲಿಗೆ ಯಾವ ಇಂಜಿನಿಯರೂ ಅಂದಾಜು ಪಟ್ಟಿ ತಯಾರಿಸಲಾರರು. "ಇಂಥ ಕಟ್ಟಡದ ಮುಂಬಾಗಿಲ ಕಟ್ಟೆ 45 ಸೆಂ.ಮೀ. ಎತ್ತರ, ಅಲ್ಲಿರುವ ಇಳಿಜಾರು 1.5 ಮೀಟರ್ ಉದ್ದ ಮಾತ್ರ" ಎಂದು ಬರೆದರೆ ತಯಾರಿಸಲೇಬೇಕಾಗುತ್ತದೆ.

ಆ ಲೆಕ್ಕ ಹೀಗೆ. ಕಟ್ಟಡಗಳ ಸುಗಮ ಪ್ರವೇಶಕ್ಕೆಂದು ಕೇಂದ್ರ ಸರ್ಕಾರ ಹೊರತಂದಿರುವ ಮಾರ್ಗಸೂಚಿಯ ಪ್ರಕಾರ ರ‍್ಯಾಂಪಿನ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಮೂರು ಮೆಟ್ಟಿಲಿನ ಕಟ್ಟೆ, ಒಂದೊಂದು ಮೆಟ್ಟಿಲು 15 ಸೆಂ.ಮೀ. ಎಂದುಕೊಳ್ಳಿ. ಒಟ್ಟು ಎತ್ತರ 45 ಸೆಂ.ಮೀ. ಅದನ್ನು ಹನ್ನೆರಡರಿಂದ ಗುಣಿಸಿದರೆ 540 ಸೆಂ.ಮೀ., ಸುಮಾರು 18 ಅಡಿ. ಆದರೆ ನಮ್ಮೂರುಗಳಲ್ಲಿ ಮೆಟ್ಟಿಲ ಪಕ್ಕಕ್ಕೆ ಐದಡಿ ಸಿಮೆಂಟು ಇಳಿಬಿಟ್ಟು ಅದಕ್ಕೇ ರ‍್ಯಾಂಪ್ ಎನ್ನುತ್ತಾರೆ. ಹತ್ತಲು ಹೋದರೆ ಗಾಲಿಕುರ್ಚಿ ಹಿಂದಕ್ಕೆ ಉರುಳುತ್ತದೆ. ಇಳಿಯುವಾಗ ಕೂತವರೇ ಮುಂದಕ್ಕೆ ಬೀಳುತ್ತಾರೆ. ಅದರ ನಿಜವಾದ ಉಪಯೋಗ ಬೈಕು ಹತ್ತಿಸುವುದಕ್ಕೆ.

ಅಳೆಯಲು ದುಬಾರಿ ಸಲಕರಣೆ ಏನೂ ಬೇಡ. ಒಂದು ಟೇಪು, ಗೌಂಡಿಗಳು ಬಳಸುವ ನೀರು ತುಂಬಿದ ಲೆವೆಲ್ ಪೈಪು, ಒಂದು ನೋಟುಬುಕ್. ಪೈಪಿನ ಒಂದು ತುದಿ ಕಟ್ಟೆಯ ಮೇಲೆ, ಇನ್ನೊಂದು ತುದಿ ಇಳಿಜಾರಿನ ಬುಡದಲ್ಲಿ ಎತ್ತಿ ಹಿಡಿದು, ಎರಡೂ ಕಡೆ ನೆಲದಿಂದ ನೀರಿನ ಮಟ್ಟದವರೆಗೆ ಅಳೆದು ಒಂದರಿಂದ ಇನ್ನೊಂದನ್ನು ಕಳೆದರೆ ಎತ್ತರದ ವ್ಯತ್ಯಾಸ ಸಿಗುತ್ತದೆ. ಇಳಿಜಾರಿನ ಉದ್ದವನ್ನು ನೆಲಮಟ್ಟದಲ್ಲಿ ಅಳೆಯಿರಿ. ರ‍್ಯಾಂಪಿನ ಅಗಲ ಕನಿಷ್ಠ 1.2 ಮೀಟರ್ ಇದೆಯೇ, ಎರಡೂ ಬದಿಗೆ ಹಿಡಿಗಂಬಿ ಇದೆಯೇ, ಬಾಗಿಲು ತೆರೆದಾಗ 90 ಸೆಂ.ಮೀ. ತೆರಪು ಸಿಗುತ್ತದೆಯೇ, ಶೌಚಾಲಯದೊಳಗೆ ಗಾಲಿಕುರ್ಚಿ ತಿರುಗಲು 1.5 ಮೀಟರ್ ಜಾಗ ಇದೆಯೇ ನೋಡಿ. ಪ್ರತಿ ಫೋಟೊದಲ್ಲೂ ಟೇಪಿನ ಅಂಕಿ ಕಾಣಲಿ. ಶೌಚಾಲಯದ ಬಾಗಿಲು ತೆರೆಸಿಯೇ ನೋಡಿ. "ವಿಕಲಚೇತನರಿಗೆ" ಎಂಬ ಫಲಕದ ಹಿಂದೆ ಬ್ಲೀಚಿಂಗ್ ಪೌಡರಿನ ಚೀಲ, ಪೊರಕೆ, ಮುರಿದ ಕುರ್ಚಿ ಒಟ್ಟಿರುವುದು ಅಪರೂಪವಲ್ಲ. ರ‍್ಯಾಂಪ್ ಸರಿಯಾಗಿದ್ದರೂ ಅದು ಮುಟ್ಟುವ ಗೇಟಿಗೆ ಬೀಗ ಬಿದ್ದಿರುವುದೂ ಉಂಟು.

ಸಮಾನತೆಯನ್ನೂ ಹೀಗೆಯೇ ಅಳೆಯಬಹುದು. ಒಂದೇ ವಾರ್ಡಿನ ಎರಡು ಓಣಿ ಆರಿಸಿಕೊಳ್ಳಿ, ಒಂದು ಮುಖ್ಯರಸ್ತೆಗೆ ಹತ್ತಿದ್ದು, ಇನ್ನೊಂದು ದಲಿತ ಕೇರಿ ಅಥವಾ ಕೊಳೆಗೇರಿ. ಒಂದು ತಿಂಗಳು ಎರಡೂ ಕಡೆ ಒಂದೇ ನಮೂನೆಯ ಹಾಳೆ ತುಂಬಿ. ನಳದಲ್ಲಿ ನೀರು ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಗಂಟೆ ಬಂತು? ಕಸದ ವಾಹನ ಎಷ್ಟು ದಿನ ಬಂತು? ಬೀದಿದೀಪ ಎಷ್ಟಿವೆ, ಉರಿಯುತ್ತಿರುವುದು ಎಷ್ಟು? ಚರಂಡಿ ಎತ್ತಿದ್ದು ಯಾವಾಗ? ನಡುರಾತ್ರಿ ನೀರು ಬಿಟ್ಟರೆ ನಿದ್ದೆಗೆಟ್ಟು ಕೊಡ ತುಂಬುವವರು ಹೆಣ್ಣುಮಕ್ಕಳು. ಆದ್ದರಿಂದ ಹಾಳೆ ಅವರ ಕೈಯಲ್ಲೇ ಇರಲಿ. ಎರಡು ಹಾಳೆ ಅಕ್ಕಪಕ್ಕ ಇಟ್ಟಾಗ ಕಾಣುವ ಅಂತರವೇ ನಿಮ್ಮ ವಾದ. "ತಾರತಮ್ಯ" ಎಂಬ ಪದವನ್ನು ಬರೆಯುವ ಅಗತ್ಯವೂ ಬೀಳದೆ ಹೋಗಬಹುದು.

ಮಹಿಳೆಯರ ಓಡಾಟದ ಸಮೀಕ್ಷೆಯನ್ನು ಕತ್ತಲಾದ ಮೇಲೆ ಮಾಡಿ. ಲಿಂಗತ್ವ ಅಲ್ಪಸಂಖ್ಯಾತರನ್ನು, ಜೋಗಪ್ಪಂದಿರನ್ನು, ಮಾಜಿ ದೇವದಾಸಿ ಮಹಿಳೆಯರನ್ನು ಕರೆಯದೆ ಸಾರ್ವಜನಿಕ ಶೌಚಾಲಯದ ಪಟ್ಟಿ ಮುಗಿಸಬೇಡಿ. ಪೌರಕಾರ್ಮಿಕರಿಗೆ ಬಟ್ಟೆ ಬದಲಿಸಲು, ಊಟಕ್ಕೆ ಕೂರಲು ಜಾಗವಿದೆಯೇ ಎಂಬುದೂ ಪಟ್ಟಿಯಲ್ಲಿರಲಿ.

ಫುಟ್‌ಪಾತಿನ ಪ್ರಶ್ನೆ: ಇಲ್ಲಿ ಸ್ವಲ್ಪ ನಿಲ್ಲಿ

ಪಾದಚಾರಿ ಮಾರ್ಗ ಮುಕ್ತವಾಗಿರಬೇಕು ಎಂದು ನೀವು ಬರೆದುಕೊಡುತ್ತೀರಿ. ಮರುದಿನ ಜೆಸಿಬಿ ಬಂದು ತರಕಾರಿ, ಮಿರ್ಚಿ ಬಜಿಯ ಗಾಡಿಗಳನ್ನು ಎತ್ತಿಹಾಕುತ್ತದೆ. ಅಂಗಡಿಗಳವರು ಮುಂದಕ್ಕೆ ಚಾಚಿದ ಶೆಡ್ಡು, ಸಾಲಾಗಿ ನಿಲ್ಲಿಸಿದ ಬೈಕು ಮಾತ್ರ ಅಲ್ಲೇ ಇರುತ್ತವೆ. ಆ ಗಾಡಿಯವರಲ್ಲಿ ವಿಧವೆಯರಿದ್ದಾರೆ, ವಿಕಲಚೇತನರೂ ಇದ್ದಾರೆ. ಇದು ಬಡವರನ್ನು ಬಡವರ ಮೇಲೆ ಎತ್ತಿಕಟ್ಟುವ ಕೆಲಸ. ಅದಕ್ಕೆ ನಿಮ್ಮ ಮನವಿಯೇ ಆಧಾರ ಆಗಬಾರದು.

ಬೀದಿ ವ್ಯಾಪಾರಿಗಳ 2014ರ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ. 40 ಸದಸ್ಯರು ವ್ಯಾಪಾರಿಗಳ ಪ್ರತಿನಿಧಿಗಳು, ಆ ಪ್ರತಿನಿಧಿಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಮನವಿ ಬರೆಯುವ ಮುಂಚೆಯೇ ಆ ಪ್ರತಿನಿಧಿಗಳ ಜತೆ ಕೂಡಿ. ಎಷ್ಟು ಅಗಲ ಬಿಟ್ಟರೆ ಗಾಲಿಕುರ್ಚಿ ಹೋಗುತ್ತದೆ ಎಂಬುದನ್ನು ಸ್ಥಳದಲ್ಲೇ ತೋರಿಸಿ, ಒಪ್ಪಿದ ಗೆರೆಯನ್ನು ಸುಣ್ಣದಲ್ಲಿ ಎಳೆಯಿರಿ. ಮನವಿಯಲ್ಲಿ "ತೆರವುಗೊಳಿಸಿ" ಎಂದು ಬರೆಯುವ ಬದಲು "ವ್ಯಾಪಾರಿಗಳೊಂದಿಗೆ ಸಮಾಲೋಚಿಸಿ 1.8 ಮೀಟರ್ ಅಡೆತಡೆಯಿಲ್ಲದ ದಾರಿ ಉಳಿಸಿ" ಎಂದು ಬರೆಯಿರಿ. ನಡುವೆ ಕೂತಿರುವ ಟ್ರಾನ್ಸ್‌ಫಾರ್ಮರ್, ಚಪ್ಪಡಿ ಹಾರಿಹೋದ ಚರಂಡಿ, ಜಾಹೀರಾತಿನ ಕಂಬ, ಇವನ್ನು ಮೊದಲ ಸಾಲಿನಲ್ಲೇ ಹೆಸರಿಸಿ.

ಇದು ಯಾರ ಆಸ್ತಿ?

ಅರ್ಧ ಮನವಿಗಳು ತಪ್ಪು ಬಾಗಿಲಿಗೆ ಹೋಗಿ ಸಾಯುತ್ತವೆ. ಹೆದ್ದಾರಿಯೋ, ಲೋಕೋಪಯೋಗಿ ಇಲಾಖೆಯ ರಸ್ತೆಯೋ, ನಗರಸಭೆಯದೋ ಎಂದು ಮೊದಲು ತಿಳಿಯಿರಿ. ಬಸ್ ನಿಲ್ದಾಣ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ್ದು. ಟ್ರಾನ್ಸ್‌ಫಾರ್ಮರ್, ಕಂಬ ವಿದ್ಯುತ್ ಕಂಪನಿ ಜೆಸ್ಕಾಂನದು. ರೈಲು ನಿಲ್ದಾಣದಲ್ಲೂ ವ್ಯತ್ಯಾಸವಿದೆ: ಕೊಪ್ಪಳ, ಬಳ್ಳಾರಿ ನೈಋತ್ಯ ರೈಲ್ವೆಗೆ ಸೇರಿದರೆ ರಾಯಚೂರು ದಕ್ಷಿಣ ಮಧ್ಯ ರೈಲ್ವೆಗೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದ ಕಾಮಗಾರಿಯನ್ನು ಬೇರೊಂದು ಸಂಸ್ಥೆ ಕಟ್ಟುತ್ತಿರುತ್ತದೆ. ಹಣ ಯಾರದು, ಕಟ್ಟುವವರು ಯಾರು ಎಂಬುದು ಕಾಮಗಾರಿಯ ಫಲಕದಲ್ಲಿರುತ್ತದೆ. ಫಲಕದ ಫೋಟೊ ತೆಗೆದಿಟ್ಟುಕೊಳ್ಳಿ.

ಹಣ ಎಲ್ಲಿದೆ ಎಂದು ಕೇಳಿ

ನಗರ ಸ್ಥಳೀಯ ಸಂಸ್ಥೆಗಳಲ್ಲಿ ಮೂರು ಅಂಕಿಗಳು ಎಲ್ಲರ ಬಾಯಲ್ಲೂ ಓಡಾಡುತ್ತವೆ: ಶೇ. 24.10, ಶೇ. 7.25, ಶೇ. 5. ಮೊದಲನೆಯದು ಪರಿಶಿಷ್ಟ ಜಾತಿ, ಪಂಗಡದವರ ಕಲ್ಯಾಣಕ್ಕೆ, ಎರಡನೆಯದು ಇತರ ಬಡವರಿಗೆ, ಮೂರನೆಯದು ವಿಕಲಚೇತನರಿಗೆ ಮೀಸಲಿಡುವ ಪಾಲು. ಈ ಹಣ ಎಷ್ಟು ಬಂತು, ಯಾವುದಕ್ಕೆ ಹೋಯಿತು, ಎಷ್ಟು ಉಳಿಯಿತು ಎಂಬುದನ್ನು ಮಾಹಿತಿ ಹಕ್ಕಿನಡಿ ಕೇಳಿ.

ಒಂದು ಎಚ್ಚರ. ಶೇ. 5ರ ಹಣದಲ್ಲಿ ರ‍್ಯಾಂಪ್ ಕಟ್ಟಿಕೊಡುತ್ತೇವೆ ಎಂದರೆ ನಾನಂತೂ ಒಪ್ಪುವುದಿಲ್ಲ, ನೀವೂ ಒಪ್ಪಬೇಡಿ. ಆ ಹಣ ತ್ರಿಚಕ್ರ ವಾಹನಕ್ಕೆ, ಚಿಕಿತ್ಸೆಗೆ, ವಿಕಲಚೇತನರ ಬದುಕಿಗೆ ನೇರವಾಗಿ ತಗಲುವ ಖರ್ಚಿಗೆ ಬೇಕು. ರ‍್ಯಾಂಪ್ ಎನ್ನುವುದು ಕಿಟಕಿ, ಬಾಗಿಲಿನಂತೆ ಕಟ್ಟಡದ್ದೇ ಭಾಗ, ಕಟ್ಟಡದ ಅಂದಾಜಿನಲ್ಲೇ ಬರಬೇಕು. ಹಾಗೆಯೇ ಶೇ. 24.10ರ ಕಾಮಗಾರಿ ಪಟ್ಟಿ ಹಿಡಿದು ಆ ಓಣಿಗಳಿಗೆ ಹೋಗಿ ನೋಡಿ, ಸಿ.ಸಿ. ರಸ್ತೆ ನಿಜಕ್ಕೂ ಕೇರಿಯೊಳಗೆ ಹೋಗಿದೆಯೋ, ಬಾಗಿಲವರೆಗೆ ಬಂದು ಬೇರೆ ಕಡೆ ತಿರುಗಿದೆಯೋ ತಿಳಿಯುತ್ತದೆ.

ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಬಿ.ಪಿ.ಎಲ್. ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಆದ್ದರಿಂದ ನಿಧಿಗೆ ಒಂದು, ಅಂದಾಜು ಪಟ್ಟಿಗೆ ಒಂದು, ಸಭೆಯ ನಡಾವಳಿಗೆ ಒಂದು ಎಂದು ಬಿಡಿಬಿಡಿಯಾಗಿ ಹಾಕಿ. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ನಮ್ಮ ಭಾಗಕ್ಕೆ ಆಯೋಗದ ಪೀಠ ಕಲಬುರಗಿಯಲ್ಲಿದೆ. ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯ ಎಂದು ಕಾಯ್ದೆಯಲ್ಲೇ ಇದೆ. ಇದನ್ನು ಬಹಳ ಜನ ಬಳಸಿಯೇ ಇಲ್ಲ.

ಮನವಿ ಬರೆಯುವುದು

ಒಂದು ಮನವಿಯಲ್ಲಿ ಒಂದು ಸ್ಥಳ, ಒಂದು ಕೆಲಸ. ಹದಿನೆಂಟು ಬೇಡಿಕೆಗಳ ಪಟ್ಟಿ ಕೊಟ್ಟರೆ ಅಧಿಕಾರಿ ಅದರಲ್ಲಿ ಸುಲಭದ್ದೊಂದನ್ನು ಮಾಡಿ ಉಳಿದದ್ದಕ್ಕೆ "ಪರಿಶೀಲನೆಯಲ್ಲಿದೆ" ಎನ್ನುತ್ತಾರೆ. ಒಡಲು ಹೀಗಿರಬಹುದು:

"ವಿಷಯ: ____ ವಾರ್ಡಿನ ಸಮುದಾಯ ಭವನದ ಮುಂಬಾಗಿಲಿಗೆ 1:12 ಇಳಿಜಾರಿನ ರ‍್ಯಾಂಪ್ ಮತ್ತು ಹಿಡಿಗಂಬಿ ಅಳವಡಿಸುವ ಕುರಿತು. ದಿನಾಂಕ ____ರಂದು ನಾವು ಅಳತೆ ಮಾಡಿದಂತೆ ಕಟ್ಟೆಯ ಎತ್ತರ 45 ಸೆಂ.ಮೀ., ಈಗಿರುವ ಇಳಿಜಾರಿನ ಉದ್ದ 150 ಸೆಂ.ಮೀ. ಪಡಿತರ, ಪಿಂಚಣಿ ಶಿಬಿರಗಳು ಇಲ್ಲಿಯೇ ನಡೆಯುತ್ತವೆ. ಕಟ್ಟಡದ ಬಲಗೋಡೆಗುಂಟ ಜಾಗವಿದ್ದು ನಕ್ಷೆ ಲಗತ್ತಿಸಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಕಲಂ 45ರಂತೆ ಈ ಕೆಲಸವನ್ನು ಪ್ರಸಕ್ತ ಕ್ರಿಯಾ ಯೋಜನೆಗೆ ಸೇರಿಸಿ, ಸ್ಥಳ ಪರಿಶೀಲನೆಯ ದಿನಾಂಕವನ್ನು ನಮಗೆ ತಿಳಿಸಬೇಕು."

ನಕ್ಷೆ ಇರಲೇಬೇಕು, ಕೈಯಲ್ಲಿ ಬಿಡಿಸಿದರೂ ಸರಿ. "ಜಾಗ ಇಲ್ರೀ" ಎಂಬುದೇ ಮೊದಲ ಉತ್ತರ. ನೇರವಾಗಿ 18 ಅಡಿ ಸಿಗದಿದ್ದರೂ ಗೋಡೆಗುಂಟ ಹೋಗಿ ತಿರುಗುವ ರ‍್ಯಾಂಪಿಗೆ ಸಿಗಬಹುದು. ತಿರುವಿನಲ್ಲಿ ಸಮತಟ್ಟು ಜಾಗ ಬಿಡಬೇಕು ಎಂಬುದನ್ನು ಮರೆಯಬೇಡಿ.

ಕಾನೂನಿನ ಬಗ್ಗೆ ಇಷ್ಟು ತಿಳಿದಿದ್ದರೆ ಸಾಕು. 2016ರ ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಕಲಂ 44ರ ಪ್ರಕಾರ ಸುಗಮ ಪ್ರವೇಶದ ನಿಯಮ ಪಾಲಿಸದ ಕಟ್ಟಡಕ್ಕೆ ಪರವಾನಗಿಯೂ ಇಲ್ಲ, ಪೂರ್ಣಗೊಂಡ ಪ್ರಮಾಣಪತ್ರವೂ ಇಲ್ಲ. ಕಲಂ 45ರಂತೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಪ್ರಕಟವಾದ ಐದು ವರ್ಷದಲ್ಲಿ ಸರಿಪಡಿಸಬೇಕಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ, ಹಾಗಾಗಿ ಗಡುವು 2022ರಲ್ಲೇ ಮುಗಿದಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಲಹೆಯ ರೂಪದ ಮಾರ್ಗಸೂಚಿ ಸಾಲದು, ಕಡ್ಡಾಯವಾಗಿ ಪಾಲಿಸಬೇಕಾದ ಮಾನದಂಡಗಳೇ ಬೇಕು ಎಂದು ಹೇಳಿತು. ಮನವಿಯಲ್ಲಿ ಒಂದೋ ಎರಡೋ ಕಲಂ ಹೆಸರಿಸಿ, ಕಾನೂನಿನ ಪಾಠ ಬೇಡ.

ಸಹಿ ಹಾಕಿದವರ ಯು.ಡಿ.ಐ.ಡಿ. ಕಾರ್ಡು (ವಿಕಲಚೇತನರ ಗುರುತಿನ ಚೀಟಿ), ಆಧಾರ್ ಪ್ರತಿ ಲಗತ್ತಿಸಬೇಡಿ. ರ‍್ಯಾಂಪಿಗೆ ಅವು ಯಾಕೆ ಬೇಕು?

ಟಪಾಲಿನಿಂದ ಸಭೆಯವರೆಗೆ

ಫೋಟೊ ತೆಗೆಸಿಕೊಳ್ಳಿ, ಬೇಡ ಎನ್ನುವುದಿಲ್ಲ. ಆದರೆ ಸಾಹೇಬರ ಕೈಗೆ ಕೊಟ್ಟ ಪ್ರತಿ ಮೇಜಿನ ಮೇಲೇ ಉಳಿಯಬಹುದು. ಇನ್ನೊಂದು ಪ್ರತಿಯನ್ನು ಟಪಾಲು ವಿಭಾಗಕ್ಕೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಬಂದ ಕಾಗದಕ್ಕೆ ಕಚೇರಿ ಕೊಡುವ ಆವಕ ಸಂಖ್ಯೆ ಹಾಕಿಸಿಕೊಂಡೇ ಹೊರಡಿ. ಮುಂದೆ ಎಲ್ಲ ಮಾತೂ ಆ ಸಂಖ್ಯೆಯ ಮೇಲೆಯೇ ನಡೆಯಬೇಕು. ಹತ್ತು ದಿನ ಬಿಟ್ಟು ಹೋಗಿ ಕಡತ ಯಾವ ಶಾಖೆಗೆ ಹೋಗಿದೆ ಎಂದು ಕೇಳಿ. ತಾಂತ್ರಿಕ ಶಾಖೆಯ ಕಿರಿಯ ಅಭಿಯಂತರರ ಹತ್ತಿರವಿದ್ದರೆ ಅವರನ್ನು ಸ್ಥಳಕ್ಕೆ ಕರೆಯಿರಿ. ಅಲ್ಲಿ ಗಾಲಿಕುರ್ಚಿ ಬಳಸುವವರೊಬ್ಬರು ಇರಲಿ. ಕಡತದ ಮೇಲೆ ಮೊದಲ ಟಿಪ್ಪಣಿ ಬರೆಯುವವರು ಇವರೇ, ಆದ್ದರಿಂದ ನಗರಸಭೆ ಅಧ್ಯಕ್ಷರಿಗಿಂತ ಇವರ ಜತೆ ಒಳ್ಳೆಯ ಮಾತುಕತೆ ಇಟ್ಟುಕೊಳ್ಳುವುದು ಲಾಭ.

ವಾರ್ಡ್ ಸದಸ್ಯರನ್ನು ಬಿಟ್ಟು ಮುಂದೆ ಹೋಗಬೇಡಿ, ವಿಷಯವನ್ನು ಸಾಮಾನ್ಯ ಸಭೆಯಲ್ಲಿ ಎತ್ತುವವರು ಅವರು. ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಆದರೂ ಸದಸ್ಯೆಯ ಬದಲು ಗಂಡನೋ ಮಗನೋ ಫೋನ್ ಎತ್ತುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ನೀವು ಮಾತ್ರ ಸದಸ್ಯೆಯ ಹತ್ತಿರವೇ ಮಾತಾಡಿ, ಮನವಿಯ ಪ್ರತಿ ಅವರ ಹೆಸರಿಗೇ ಬರೆಯಿರಿ. ಚುನಾಯಿತ ಮಂಡಳಿಯ ಅವಧಿ ಮುಗಿದಿದ್ದರೆ ಆಡಳಿತಾಧಿಕಾರಿಗೆ ಬರೆಯಿರಿ. ಬಳ್ಳಾರಿಯಂಥ ಪಾಲಿಕೆಯಲ್ಲಿ ವಾರ್ಡ್ ಸಮಿತಿಗೆ ಕಾನೂನಿನಲ್ಲೇ ಅವಕಾಶವಿದೆ. ನಿಮ್ಮ ವಾರ್ಡಿನದು ರಚನೆಯಾಗಿದೆಯೇ, ಸಭೆ ಯಾವಾಗ ಎಂದು ಬರಹದಲ್ಲಿ ಕೇಳಿ.

ಸಮಯ ನೋಡಿ ಹೊಡೆಯಬೇಕು. ಬಜೆಟ್ ಪೂರ್ವಭಾವಿ ಸಭೆಗಳು ಸಾಮಾನ್ಯವಾಗಿ ಚಳಿಗಾಲದಲ್ಲಿ ನಡೆಯುತ್ತವೆ, ಕೊಪ್ಪಳದಲ್ಲಿ ಗವಿಮಠದ ಜಾತ್ರೆಯ ಹಿಂದುಮುಂದು. ಊರಿನ ಗಮನವೆಲ್ಲ ಜಾತ್ರೆಯ ಕಡೆ ಇರುವಾಗ ಬಜೆಟ್ ಸಭೆಯ ಪ್ರಕಟಣೆ ಸಣ್ಣ ಅಕ್ಷರದಲ್ಲಿ ಬಂದು ಹೋಗಿರುತ್ತದೆ. ನವೆಂಬರ್‌ನಲ್ಲೇ ದಿನಾಂಕ ವಿಚಾರಿಸಿ, ಅಳತೆಯ ಹಾಳೆಗಳನ್ನು ಸಿದ್ಧ ಇಟ್ಟುಕೊಳ್ಳಿ. ಸಭೆಯಲ್ಲಿ ಮಾತಾಡಿದ್ದು ನಡಾವಳಿಯಲ್ಲಿ ಬಂದಿದೆಯೇ ನೋಡಿ, ಇಲ್ಲವಾದರೆ ಅಂದು ಹೇಳಿದ್ದನ್ನು ಬರೆದು ಮತ್ತೆ ಟಪಾಲಿಗೆ ಹಾಕಿ.

ಉತ್ತರವೇ ಬರದಿದ್ದರೆ

ಒಂದು ತಿಂಗಳು ಕಾದು ನೆನಪೋಲೆ ಕೊಡಿ, ಪ್ರತಿಯನ್ನು ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೆ, ಜಿಲ್ಲಾಧಿಕಾರಿಗೆ ಕಳಿಸಿ. 1902ಕ್ಕೆ ಕರೆ ಮಾಡಿ ಜನಸ್ಪಂದನದಲ್ಲಿ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕೆಲಸ ಆಗದೆ ದೂರು "ಇತ್ಯರ್ಥ" ಎಂದು ಮುಚ್ಚಿದರೆ ಆ ಸಂದೇಶವನ್ನೂ ಸ್ಥಳದ ಅಂದಿನ ಫೋಟೊವನ್ನೂ ಜತೆಗಿಟ್ಟು ಮತ್ತೆ ದೂರು ಕೊಡಿ.

ಸುಗಮ ಪ್ರವೇಶದ ವಿಷಯದಲ್ಲಿ ಗಟ್ಟಿಯಾದ ದಾರಿ ವಿಕಲಚೇತನರ ರಾಜ್ಯ ಆಯುಕ್ತರದು. ಇವರಿಗೆ ಅಧಿಕಾರಿಗಳನ್ನು, ದಾಖಲೆಗಳನ್ನು ಕರೆಸಲು ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಪ್ರಾಧಿಕಾರ ಮೂರು ತಿಂಗಳೊಳಗೆ ಕ್ರಮದ ವರದಿ ಕೊಡಬೇಕು, ಒಪ್ಪದಿದ್ದರೆ ಕಾರಣವನ್ನಾದರೂ ತಿಳಿಸಬೇಕು. ಕಾಯ್ದೆ ಉಲ್ಲಂಘನೆಗೆ ಮೊದಲ ಸಲ 10,000 ರೂಪಾಯಿವರೆಗೆ, ಮರುಕಳಿಸಿದರೆ 50,000ದಿಂದ 5 ಲಕ್ಷದವರೆಗೆ ದಂಡವಿದೆ. ದೂರಿನ ಜತೆ ನಿಮ್ಮ ಆವಕ ಸಂಖ್ಯೆ, ಅಳತೆಯ ಹಾಳೆ, ಮಾಹಿತಿ ಹಕ್ಕಿನ ಉತ್ತರ ಸಾಲಾಗಿ ಇರಲಿ. ಇಷ್ಟು ದಿನ ಕಾಗದ ಕಾಯ್ದಿಟ್ಟದ್ದರ ಫಲ ಇಲ್ಲಿ.

ವಕೀಲರ ಖರ್ಚಿಗೆ ಹೆದರಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ವಿಕಲಚೇತನರು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ.

ಕೆಲಸ ಶುರುವಾದ ಮೇಲೆ

ಮಂಜೂರಾಯಿತು ಎಂದು ಹಾರ ಹಾಕಿ ಮನೆಗೆ ಹೋಗಬೇಡಿ. ಅಂದಾಜು ಪಟ್ಟಿಯ ಪ್ರತಿ ಪಡೆದು ಇಳಿಜಾರು, ಅಗಲ, ಹಿಡಿಗಂಬಿ ಅದರಲ್ಲಿ ಇವೆಯೇ ನೋಡಿ. ಕಾಂಕ್ರೀಟ್ ಹಾಕುವ ಮುಂಚೆ, ಸೆಂಟ್ರಿಂಗ್ ಹೊಡೆದ ದಿನವೇ ಲೆವೆಲ್ ಪೈಪು ಹಿಡಿದು ಹೋಗಿ. ಆ ದಿನ ಹಲಗೆ ಸರಿಸುವುದು ಅರ್ಧ ಗಂಟೆಯ ಕೆಲಸ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಒಡೆಯಲು ಯಾವ ಗುತ್ತಿಗೆದಾರರೂ ಒಪ್ಪುವುದಿಲ್ಲ. ನೆಲಕ್ಕೆ ನುಣುಪು ಟೈಲ್ಸ್ ಬೇಡ, ಒರಟು ಮೇಲ್ಮೈ ಬೇಕು ಎಂದು ಮೇಸ್ತ್ರಿಗೂ ಹೇಳಿ. ಅಂತಿಮ ಬಿಲ್ ಆಗುವ ಮುಂಚೆ ಜಂಟಿ ಪರಿಶೀಲನೆ ಬೇಕು ಎಂದು ಬರೆದುಕೊಡಿ. ಬಿಲ್ ಆದಮೇಲೆ, ಮಾಡಿದ ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕದ ಪ್ರತಿ ಕೇಳಬಹುದು.

ಶೌಚಾಲಯವಾದರೆ ಇನ್ನೊಂದು ಕೆಲಸ ಉಳಿದಿರುತ್ತದೆ. ಬೀಗದ ಕೈ ಯಾರ ಹತ್ತಿರ, ಎಷ್ಟು ಗಂಟೆಗೆ ತೆರೆಯುತ್ತಾರೆ, ನೀರು ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ನಗರಸಭೆಯಿಂದ ಬರಹದಲ್ಲಿ ಪಡೆದು, ಅದೇ ಬಾಗಿಲ ಮೇಲೆ ಗಾಲಿಕುರ್ಚಿಯಲ್ಲಿ ಕೂತವರ ಕಣ್ಣಿನ ಎತ್ತರಕ್ಕೆ ಬರೆಸಿ.